ನಾಲ್ಕನೇ ವಾರ್ಡಿನ ಹೆಂಗಸರು

ನಮ್ಮ ಮಂಚಗಳನ್ನು ನಾವೇ ಹೊತ್ತು ಸಾಗಿಸಿದೆವು. ಇಪ್ಪತ್ತೆರಡು ಹೆಂಗಸರು. ಇಪ್ಪತ್ತೆರಡು ಕಬ್ಬಿಣದ ಮಂಚ.

ಜನವರಿಯ ಚಳಿ. ನಮ್ಮ ಕಡೆಯ ರೈತರು ಆ ತಿಂಗಳನ್ನು ಟೂಬಾ ಎನ್ನುತ್ತಾರೆ. ಬೆಳಗಿನ ರೊಟ್ಟಿ, ಬೇಯಿಸಿದ ಅವರೆ ಇನ್ನೂ ಬಂದಿರಲಿಲ್ಲ. ದೊಡ್ಡ ನರ್ಸ್ ಕರೀಮಾನ್ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒಂದು ಪಟ್ಟಿ.

"ಬಟ್ಟೆ ಗಂಟು ಕಟ್ಕೊಳ್ಳಿ. ಹಾಸಿಗೆ ಸುತ್ತಿ. ಇವತ್ತಿಂದ ನಿಮ್ ಜಾಗ ಬೇರೆ."

"ಎಲ್ಲಿಗೆ ಮಿಸ್?" ಎಂದು ಉಮ್ಮ್ ಆಶೂರ್ ಕೇಳಿದಳು. ಉಮ್ಮ್ ಆಶೂರ್ ಎಂದರೆ ಆಶೂರನ ತಾಯಿ. ಆಶೂರ್ ಎಂಬ ಮಗ ಹನ್ನೊಂದು ವರ್ಷದಿಂದ ಅವಳನ್ನು ನೋಡಲು ಬಂದಿರಲಿಲ್ಲ. ಆದರೂ ಹೆಸರು ಅದೇ.

"ಹೋದ್ಮೇಲೆ ಗೊತ್ತಾಗುತ್ತೆ."

"ಹೋಟೆಲ್‌ಗಾದ್ರೆ ನಾನು ಕಾಡಿಗೆ ಹಚ್ಕೊಂಡು ಬರ್ತೀನಿ."

ಯಾರೂ ನಗಲಿಲ್ಲ. ಕರೀಮಾನ್ ಕೂಡ.

ಒಂದು ಮಂಚಕ್ಕೆ ಇಬ್ಬರು. ನಾನು ಮತ್ತು ಅತಿಯ್ಯಾತ್ ನಮ್ಮೆರಡು ಮಂಚ ಹೊತ್ತೆವು. ಅವಳಿಗೆ ಅರವತ್ತು ದಾಟಿತ್ತು. ಹತ್ತಿ ಹೊಲದಲ್ಲಿ ಬಾಗಿ ಬಾಗಿ ಬೆಳೆದ ಮೈ. ಮಂಚ ಎತ್ತಿದರೆ ಅವಳ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಅಂಗಳ ದಾಟಿ, ಅಡುಗೆಮನೆ ದಾಟಿ, ಬಟ್ಟೆ ಒಗೆಯುವ ಕಟ್ಟಡದ ಹಿಂದೆ ಹೋದೆವು. ಅಲ್ಲಿ ಹಳೆಯ ಉಗ್ರಾಣ. ಮುರಿದ ಮಂಚ, ಹರಿದ ಹಾಸಿಗೆ ತುಂಬಿಡುತ್ತಿದ್ದ ಜಾಗ. ಅವನ್ನು ಹೊರಗೆ ರಾಶಿ ಹಾಕಿ ಒಳಗೆ ನಮ್ಮನ್ನು ಹಾಕಿದರು.

ಹಿಂದೊಮ್ಮೆ ಅಲ್ಲಿಂದ ಬೆಡ್‌ಶೀಟ್ ಕಳುವಾಗಿತ್ತಂತೆ. ಅದಕ್ಕೆ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಆರು ಕಿಟಕಿ. ಆರಕ್ಕೂ ಇಟ್ಟಿಗೆ. ಛಾವಣಿಗೆ ಟ್ಯೂಬ್‌ಲೈಟು, ಅದರ ಸುತ್ತ ತಂತಿಯ ಪಂಜರ. ಅದು ಯಾವಾಗಲೂ ಉರಿಯುತ್ತಿತ್ತು. ಸ್ವಿಚ್ಚು ಬಾಗಿಲ ಹೊರಗೆ.

ಗೋಡೆಯ ಆಚೆ ಬಟ್ಟೆ ಕುದಿಸುವ ಬಾಯ್ಲರ್. ನಾನು ಹಾಸಿಗೆ ಹಾಸಿ ಕುಳಿತೆ. ಗೋಡೆಗೆ ಬೆನ್ನು ಕೊಟ್ಟೆ. ಬಾಯ್ಲರ್ ಶುರುವಾಯಿತು. ಗೋಡೆ ನಡುಗಿತು. ಆ ನಡುಕ ನನ್ನ ಬೆನ್ನಿಗೆ ಬಂತು, ಬೆನ್ನಿನಿಂದ ಹಲ್ಲಿಗೆ ಬಂತು. ಆ ಸದ್ದು ನನಗೆ ಗೊತ್ತಿತ್ತು.

ನನ್ನ ಹೆಸರು ಬಸೀಮಾ. ನಗುಮುಖದವಳು ಎಂದು ಅರ್ಥ. ಹದಿನಾಲ್ಕು ವರ್ಷ ನೂಲಿನ ಗಿರಣಿಯಲ್ಲಿ ದುಡಿದೆ. ಯಂತ್ರದ ಮುಂದೆ ನಿಂತು ಹರಿದ ಎಳೆ ಕೂಡಿಸುವ ಕೆಲಸ. ಎಂಟು ಗಂಟೆ ನಡೆಯುತ್ತಲೇ ಇರಬೇಕು. ನನ್ನ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಹನ್ನೆರಡನೇ ದಿನ ಮತ್ತೆ ಯಂತ್ರದ ಮುಂದೆ ನಿಂತೆ. ಎದೆಯ ಹಾಲು ಅಂಗಿಯಲ್ಲಿ ಇಳಿಯುತ್ತಿತ್ತು. ಹತ್ತಿಯ ಧೂಳು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ದಿನ ಪಾಳಿ ಮುಗಿಸಿ ಮನೆಗೆ ಬಂದೆ. ಯಂತ್ರ ನಿಲ್ಲಲಿಲ್ಲ. ತಲೆಯೊಳಗೆ ಓಡುತ್ತಲೇ ಇತ್ತು. ಊಟ ಮಾಡುವಾಗ, ನಮಾಜು ಮಾಡುವಾಗ, ಮಲಗಿದಾಗ. ಕೊನೆಗೆ ರೈಲು ಹಳಿಯ ಮೇಲೆ ನಡೆಯುತ್ತಿದ್ದೆನಂತೆ. ಗಂಡ ತಲಾಕ್ ಕೊಟ್ಟ. ಅಣ್ಣ ಶಾಬಾನ್ ಈ ಆಸ್ಪತ್ರೆಗೆ ತಂದು ಸಹಿ ಹಾಕಿದ. ಆರು ವರ್ಷವಾಯಿತು.

ಹಳೆಯ ನಾಲ್ಕನೇ ವಾರ್ಡಿನಲ್ಲಿ ಅಂಥಾ ವೈಭವ ಏನೂ ಇರಲಿಲ್ಲ. ಗೋಡೆಯ ಸುಣ್ಣ ಉದುರುತ್ತಿತ್ತು. ಕಕ್ಕಸು ನಾರುತ್ತಿತ್ತು. ಆದರೆ ಉದ್ದದ ಜಗುಲಿ ಇತ್ತು. ಜಗುಲಿಯ ಮುಂದೆ ಒಂದು ಹಿಪ್ಪುನೇರಳೆ ಮರ. ಛಾವಣಿಗಿಂತ ಎತ್ತರ. ಬೆಳಿಗ್ಗೆ ಬಾಗಿಲು ತೆರೆದರೆ ಸೂರ್ಯ ಮುಳುಗುವವರೆಗೆ ಮುಚ್ಚುತ್ತಿರಲಿಲ್ಲ. ಅದನ್ನು ಯಾರೂ ಚಿಕಿತ್ಸೆ ಎಂದು ಕರೆಯಲಿಲ್ಲ. ಬಾಗಿಲು ತೆರೆದಿರುತ್ತಿತ್ತು, ಅಷ್ಟೆ. ನಾನು ಮರದ ಕೆಳಗೆ ಕುಳಿತಿರುತ್ತಿದ್ದೆ. ಎರಡನೇ ವರ್ಷ ಒಂದು ಮಧ್ಯಾಹ್ನ ಎಲೆಯ ಸದ್ದು ಕೇಳಿಸಿತು. ಎಲೆಯ ಸದ್ದು ಕೇಳಿಸಬೇಕಾದರೆ ಯಂತ್ರ ನಿಂತಿರಬೇಕು. ನಿಂತಿತ್ತು.

ಅತಿಯ್ಯಾತ್ ಅಲ್ಲಿಗೆ ಬಂದಾಗ ಮಾತಾಡುತ್ತಿರಲಿಲ್ಲ. ಎಷ್ಟು ವರ್ಷದಿಂದ ಎಂದು ಫೈಲಿನಲ್ಲೂ ಇರಲಿಲ್ಲ. ಮೂಗಿ ಎಂದೇ ನರ್ಸುಗಳು ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಮರದ ಕೆಳಗೆ ನಿಂತು ಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು.

"ಈ ಮರಾನ ಯಾವ ಕತ್ತೆ ಸವರಿದ್ದು?"

ಉಮ್ಮ್ ಆಶೂರ್ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡಳು. ಅಂದಿನಿಂದ ಅತಿಯ್ಯಾತ್ ಮಾತಾಡಿದಳು. ಹೆಚ್ಚೇನಲ್ಲ. ಮರ, ಎಮ್ಮೆ, ಹತ್ತಿ, ಕಾಲುವೆಯ ನೀರು. ಯಾವ ತಿಂಗಳಲ್ಲಿ ಏನು ಬಿತ್ತಬೇಕು ಎನ್ನುವುದು. ನನಗೆ ಬಸೀಮಾ ಎನ್ನುತ್ತಿರಲಿಲ್ಲ. "ಏ ಗಿರಣಿಯವ್ಳೇ" ಎನ್ನುತ್ತಿದ್ದಳು.

ಆ ವಾರ್ಡಿನಿಂದ ನಮ್ಮನ್ನು ಎಬ್ಬಿಸಿದರು.

ಒಂದು ತಿಂಗಳ ಮೇಲೆ ಯಾಕೆಂದು ಗೊತ್ತಾಯಿತು. ಕರೀಮಾನ್ ಏಳು ಜನರ ಹೆಸರು ಕರೆದಳು. ಗಟ್ಟಿಮುಟ್ಟಾಗಿದ್ದವರು. ನಾನಿದ್ದೆ, ಉಮ್ಮ್ ಆಶೂರ್ ಇದ್ದಳು, ಅತಿಯ್ಯಾತ್ ಕೂಡ ಇದ್ದಳು.

"ಇವತ್ತಿಂದ ನಿಮಗೆ ಕೆಲಸದ ಚಿಕಿತ್ಸೆ" ಎಂದಳು. "ಡೈರೆಕ್ಟರ್ ಸಾಹೇಬ್ರೇ ಬರ್ಕೊಟ್ಟಿದ್ದಾರೆ. ಮನಸ್ಸಿಗೆ ಒಳ್ಳೇದಂತೆ."

ಕೈಗೆ ಬಕೀಟು ಕೊಟ್ಟಳು. ತೆಂಗಿನ ನಾರಿನ ಬ್ರಷ್ಷು, ಫಿನಾಯಿಲು. ನಮ್ಮನ್ನು ಹಳೆಯ ನಾಲ್ಕನೇ ವಾರ್ಡಿಗೆ ಕರೆದುಕೊಂಡು ಹೋದಳು.

ಗುರುತೇ ಸಿಗಲಿಲ್ಲ. ಗೋಡೆಗೆ ಜಲ್ದರು ಹಣ್ಣಿನ ಬಣ್ಣ. ಕಿಟಕಿಗೆ ಪರದೆ. ಕಕ್ಕಸಿಗೆ ಬಿಳಿ ಹೆಂಚು. ಒಂದೊಂದು ಕೋಣೆಗೆ ಒಂದೊಂದೇ ಮಂಚ. ಬಾಗಿಲ ಮೇಲೆ ಹೊಸ ಬೋರ್ಡು: ವಿಶೇಷ ವಿಭಾಗ. ದುಡ್ಡು ಕೊಡುವವರ ವಿಭಾಗ. ಮರ ಅಲ್ಲೇ ಇತ್ತು. ಅದರ ಕೆಳಗೆ ಬೆತ್ತದ ಕುರ್ಚಿಗಳು ಬಂದಿದ್ದವು.

ಅತಿಯ್ಯಾತ್ ಮರದ ಕಡೆ ನಡೆದಳು. ಕರೀಮಾನ್ ತೋಳು ಹಿಡಿದು ನಿಲ್ಲಿಸಿದಳು.

"ಅದು ನಿಮ್ದಲ್ಲ ಹಾಜ್ಜಾ. ಒಳಗೆ ನಡಿ." ವಯಸ್ಸಾದ ಹೆಂಗಸನ್ನು ನಮ್ಮ ಕಡೆ ಮರ್ಯಾದೆಗೆ ಹಾಜ್ಜಾ ಎನ್ನುತ್ತಾರೆ.

ಅಂದಿನಿಂದ ದಿನಾ ಹೋದೆವು. ಮೊಣಕಾಲೂರಿ ನೆಲ ಉಜ್ಜಿದೆವು. ನಾಲ್ಕು ಕೈಕಾಲಲ್ಲಿ ಹಿಂದೆ ಹಿಂದೆ ಸರಿಯುತ್ತಾ ಉಜ್ಜಬೇಕು, ಇಲ್ಲದಿದ್ದರೆ ಒದ್ದೆ ನೆಲದ ಮೇಲೆ ನಮ್ಮದೇ ಮೊಣಕಾಲಿನ ಗುರುತು ಬೀಳುತ್ತದೆ. ಫಿನಾಯಿಲಿನಲ್ಲಿ ಬೆರಳ ಚರ್ಮ ಸುಲಿಯಿತು. ನಮಗೆ ಹದಿನೈದು ದಿನಕ್ಕೊಮ್ಮೆ ಸೂಜಿ ಹಾಕುತ್ತಿದ್ದರು. ಸೂಜಿಯ ಮರುದಿನ ಕೈ ನಡುಗುತ್ತಿತ್ತು, ನಾಲಿಗೆ ಬಾಯಲ್ಲಿ ತುರುಕಿದ ಒದ್ದೆ ಬಟ್ಟೆಯಂತಿರುತ್ತಿತ್ತು. ಆ ದಿನವೂ ಉಜ್ಜಬೇಕು. ಯಾರದೋ ವಾಂತಿ, ಯಾರದೋ ಮಲ. ನಮ್ಮಂಥವರದೇ. ನನಗೆ ಅಸಹ್ಯ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ಉಗ್ರಾಣಕ್ಕೆ ವಾಪಸ್ಸಾದರೆ ಬಾಯ್ಲರ್. ಯಂತ್ರ ಮತ್ತೆ ತಲೆಯೊಳಗೆ ಬಂದಿತ್ತು. ಮೊದಮೊದಲು ಗೋಡೆಯಲ್ಲಿ ಮಾತ್ರ ಇತ್ತು. ಆಮೇಲೆ ಬಾಯ್ಲರ್ ಆರಿಸಿದರೂ ಓಡುತ್ತಿತ್ತು.

ವಸಂತ ಬಂದಾಗ ಹಣ್ಣು ಉದುರತೊಡಗಿತು. ಅಂಗಳದ ಕಲ್ಲುಗಳ ಮೇಲೆ ನೇರಳೆ ಕಲೆ. ಅಲ್ಲಿದ್ದವರ ಚಪ್ಪಲಿಗೆ ಅಂಟುತ್ತದೆ ಎಂದು ದೂರು ಬಂತು. ಕಲ್ಲು ಉಜ್ಜುವ ಕೆಲಸವೂ ಸೇರಿತು. ಅತಿಯ್ಯಾತ್ ಉಜ್ಜುತ್ತಾ ಉಜ್ಜುತ್ತಾ ಬಿದ್ದ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡಳು. ಕರೀಮಾನ್ ಅವಳ ಕೈಗೆ ಹೊಡೆದಳು.

"ಉಗಿ. ಉಗೀ ಅಂದೆ."

ಅತಿಯ್ಯಾತ್ ಉಗಿಯಲಿಲ್ಲ. ನುಂಗಿದಳು. ಮರುದಿನ ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. "ಶಿಸ್ತಿಲ್ಲ. ಅವಳು ಒಳಗೇ ಇರ್ಲಿ" ಎಂದಳು ಕರೀಮಾನ್.

ಒಳಗೆ ಎಂದರೆ ಆ ಇಟ್ಟಿಗೆ. ಆ ಟ್ಯೂಬ್‌ಲೈಟು.

ಮರದ ಕೆಳಗೆ ಮದಾಮ್ ಇಜ್ಲಾಲ್ ಎಂಬವಳು ಕೂರುತ್ತಿದ್ದಳು. ನನ್ನದೇ ವಯಸ್ಸು. ಗಂಡ ವಕೀಲ. ಬಂದ ದಿನ ಇಬ್ಬರು ಹಿಡಿದುಕೊಂಡು ತಂದಿದ್ದರು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮೂರನೇ ವಾರಕ್ಕೆ ತಾನೇ ತಲೆ ಬಾಚಿಕೊಂಡು ಬಂದು ಕೂತಳು. ನಾನು ಅವಳ ಕಾಲ ಬುಡದ ಕಲ್ಲು ಉಜ್ಜುತ್ತಿದ್ದೆ. ಕಾಲು ಎತ್ತಿಕೊಂಡಳು. ಒಳ್ಳೆಯವಳು.

"ನಿಂಗೇನಾಗಿದೆಯಮ್ಮ?" ಎಂದು ಕೇಳಿದಳು.

"ನಿಮಗಾಗಿದ್ದೇ ಮದಾಮ್."

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಆಮೇಲೆ ನನ್ನ ಗೌನು ನೋಡಿದಳು. ಮೇಲೆ ಬರೆದಿದ್ದ ನಂಬರು ನೋಡಿದಳು.

"ನೀನು... ಇಲ್ಲಿ ಪೇಷೆಂಟಾ?"

"ಹೌದು."

"ಮತ್ತೆ ಇದನ್ನ ಯಾಕೆ ಮಾಡ್ತಿದೀಯ?"

"ಚಿಕಿತ್ಸೆ ಮದಾಮ್."

ಅವಳು ಮರದ ಕಡೆ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ನಂಗೆ ಡಾಕ್ಟರು ಬೇರೆ ಹೇಳಿದ್ರು. ದಿನಾ ಬೆಳಿಗ್ಗೆ ಎರಡು ಗಂಟೆ ಈ ಮರದ ಕೆಳಗೆ ಕೂತ್ಕೊಳ್ಳಿ, ಮಾತ್ರೆ ಎಷ್ಟು ಮುಖ್ಯಾನೋ ಇದೂ ಅಷ್ಟೇ ಮುಖ್ಯ ಅಂದ್ರು. ಚೀಟಿಲೂ ಬರ್ದಿದಾರೆ."

ಆರನೇ ವಾರ ಅವಳು ಮನೆಗೆ ಹೋದಳು. ಹೋಗುವಾಗ ನನ್ನ ಕೈಗೆ ಒಂದು ಸೋಪು ಕೊಟ್ಟಳು. ಉಮ್ಮ್ ಆಶೂರ್ ಅದನ್ನು ಮೂಸಿ ನೋಡಿ, "ಇದನ್ನ ತಿನ್ನೋದೋ ಹಚ್ಕೊಳ್ಳೋದೋ?" ಎಂದಳು.

ಇತ್ತ ಉಗ್ರಾಣದಲ್ಲಿ ಅತಿಯ್ಯಾತ್ ಕಡಿಮೆಯಾಗುತ್ತಾ ಬಂದಳು. ಬೇರೆ ಶಬ್ದ ನನಗೆ ತೋಚುವುದಿಲ್ಲ. ಮೊದಲು ಎಮ್ಮೆಯ ಮಾತು ನಿಂತಿತು. ಆಮೇಲೆ ಹೊಲದ ಮಾತು. ನಾನು ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕೂತು, "ಅಮ್ಮಾ, ಮರ ತುಂಬಾ ಹಣ್ಣು" ಎಂದರೆ, ನಾನು ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ನೋಡುತ್ತಿದ್ದಳು. ಆಮೇಲೆ ಹಣೆಯನ್ನು ಇಟ್ಟಿಗೆಗೆ ಒತ್ತಿ ನಿಲ್ಲತೊಡಗಿದಳು. ಕಿಟಕಿ ಇದ್ದ ಜಾಗಕ್ಕೆ ಸರಿಯಾಗಿ. ಆಮೇಲೆ ಬಡಿಯತೊಡಗಿದಳು. ಮಂಚಕ್ಕೆ ಕಟ್ಟಿದರು. ಬಟ್ಟೆಯ ಪಟ್ಟಿಯಲ್ಲಿ ಎರಡು ಕೈ, ಎರಡು ಕಾಲು. ಕಟ್ಟಿದಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ನಾನು ಸಂಜೆ ಬಂದು ಒರೆಸುತ್ತಿದ್ದೆ. ಅದಕ್ಕೆ ಯಾರೂ ಚಿಕಿತ್ಸೆ ಎನ್ನಲಿಲ್ಲ.

ಅವಳೊಬ್ಬಳೇ ಅಲ್ಲ. ಹೊರಗೆ ಹೋಗದ ಹದಿನಾರು ಜನರಲ್ಲಿ ಇಬ್ಬರು ಊಟ ಬಿಟ್ಟಿದ್ದರು. ಒಬ್ಬಳು ದಿನವಿಡೀ ಹೊದಿಕೆಯೊಳಗೆ ಇರುತ್ತಿದ್ದಳು, ದೀಪ ಕಣ್ಣಿಗೆ ಹೊಡೆಯುತ್ತದೆ ಎಂದು. ಎಲ್ಲರಿಗೂ ಸೂಜಿ ಹೆಚ್ಚಾಯಿತು.

ಮೇ ನಡುವಿಗೆ ಬಿಡುಗಡೆಯ ಕಮಿಟಿ ಬಂತು. ವರ್ಷಕ್ಕೊಮ್ಮೆ ಬರುತ್ತದೆ. ಯಾರು ಮನೆಗೆ ಹೋಗಬಹುದು ಎಂದು ನೋಡುತ್ತದೆ. ಮೂವರು ಡಾಕ್ಟರು, ನಡುವೆ ನಮ್ಮ ಡೈರೆಕ್ಟರ್ ಲಬೀಬ್ ಸಾಹೇಬರು. ಮೇಜಿನ ಮೇಲೆ ಚಹಾ, ಬಿಸ್ಕತ್ತು. ಅತಿಯ್ಯಾತಳನ್ನು ನಡೆಸಿಕೊಂಡು ಹೋದವಳು ನಾನೇ. ಆಗಷ್ಟೇ ಕಟ್ಟು ಬಿಚ್ಚಿದ್ದರು, ಅವಳ ಕಾಲು ಜೋಲಾಡುತ್ತಿತ್ತು.

"ಹೆಸರೇನು ಹಾಜ್ಜಾ?" ಎಂದರು ಒಬ್ಬ ಡಾಕ್ಟರು.

ಹೇಳಿದಳು.

"ಈಗ ಯಾವ ತಿಂಗಳು?"

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಹಣೆಯ ಗಾಯ ಸುಕ್ಕಾಯಿತು.

"ಟೂಬಾ" ಎಂದಳು.

"ಈಗ ಚಳಿಗಾಲ ಅಂತೀಯಾ?"

"ಟೂಬಾನೇ. ಮಂಚ ಹೊತ್ತಿದ್ದು ಟೂಬಾದಲ್ಲಿ. ಆಮೇಲೆ ಯಾವ ತಿಂಗಳೂ ಬಂದಿಲ್ಲ."

ಡಾಕ್ಟರು ಬರೆದುಕೊಂಡರು. ಅದೇ ಪ್ರಶ್ನೆ ಉಗ್ರಾಣದ ಎಲ್ಲರಿಗೂ ಕೇಳಿದರು. ಹದಿನಾರು ಜನರೂ ತಪ್ಪು ಹೇಳಿದರು. ಹದಿನಾರು ಜನರ ಫೈಲಿನಲ್ಲೂ ಕಾಲದ ಅರಿವಿಲ್ಲ ಎಂದು ಬರೆದರು. ಆ ಮೂವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ನನ್ನ ಸರದಿ ಬಂತು. ನಾನು ದಿನಾ ಅಂಗಳ ಉಜ್ಜುತ್ತಿದ್ದೆ, ನನಗೆ ಗೊತ್ತಿತ್ತು. ತಿಂಗಳು ಹೇಳಿದೆ, ತಾರೀಖೂ ಹೇಳಿದೆ.

"ಶಾಭಾಶ್" ಎಂದರು ಲಬೀಬ್ ಸಾಹೇಬರು. ಉಳಿದವರ ಕಡೆ ತಿರುಗಿ, "ನೋಡಿ, ಕೆಲಸದ ಚಿಕಿತ್ಸೆಯಿಂದ ಹೆಂಗೆ ಸುಧಾರಿಸಿದಾಳೆ" ಎಂದರು. ಆಮೇಲೆ ನನಗೆ: "ಅಣ್ಣಂಗೆ ಕಾಗದ ಕಳಿಸ್ತೀವಿ. ಬಂದು ಸಹಿ ಹಾಕ್ಲಿ. ಮುಂದಿನ ತಿಂಗಳು ಮನೆಗೆ ಹೋಗ್ತೀಯ. ಖುಷಿನಾ?"

"ಖುಷಿ" ಎಂದೆ. ಎನ್ನಬೇಕಿತ್ತು. ಒಳಗೆ ಯಂತ್ರ ಓಡುತ್ತಿತ್ತು.

ಆ ವಾರ ಅತಿಯ್ಯಾತಳ ತಲೆಗೆ ಕರೆಂಟು ಕೊಡಲು ಶುರು ಮಾಡಿದರು. ಒಂದು, ಎರಡು, ಮೂರು. ಮೂರನೆಯದು ಮುಗಿಸಿ ತಳ್ಳುಗಾಡಿಯಲ್ಲಿ ತಂದು ಮಲಗಿಸಿದರು. ಸಂಜೆ ನಾನು ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ಬಾಯಿಗಿಟ್ಟೆ. ತಿಂದಳು.

"ಅಮ್ಮಾ, ನಾನು ಯಾರು ಹೇಳು."

ನನ್ನ ಮುಖ ನೋಡಿದಳು. ಬಹಳ ವಿನಯದಿಂದ, ಅಪರಿಚಿತರ ಮನೆಯಲ್ಲಿ ಕೂತವಳಂತೆ ಹೇಳಿದಳು: "ತಪ್ಪು ತಿಳ್ಕೋಬೇಡಿ ತಾಯಿ. ನಿಮ್ ಹೆಸ್ರು ನಂಗೊತ್ತಿಲ್ಲ."

ನನಗೆ ಗೌರವ ಕೊಟ್ಟು ಮಾತಾಡಿದಳು. ಅಳು ಬರಲಿಲ್ಲ. ಸೂಜಿ ಇದ್ದರೆ ಅಳು ಬರುವುದಿಲ್ಲ. ಚಹಾದ ಲೋಟ ತೊಳೆದಿಟ್ಟೆ.

ಮರುದಿನ ಬೆಳಿಗ್ಗೆ ಆರು ಜನ ಬಕೀಟು ಹಿಡಿದು ಹೋದೆವು. ನಾನು ಏನನ್ನೂ ಯೋಚಿಸಿಟ್ಟುಕೊಂಡಿರಲಿಲ್ಲ. ಅಂಗಳಕ್ಕೆ ಬಂದೆ. ಬಕೀಟು ಕೆಳಗಿಟ್ಟೆ. ಮರದ ಹತ್ತಿರ ಹೋದೆ. ಕುರ್ಚಿಯಲ್ಲಿ ಅಲ್ಲ, ಬುಡದಲ್ಲಿ, ಮಣ್ಣಿನ ಮೇಲೆ ಕುಳಿತೆ.

ಕರೀಮಾನ್ ಮೊದಲು ನೋಡಲಿಲ್ಲ. ಆಮೇಲೆ ನೋಡಿದಳು.

"ಏನೇ, ಸುಸ್ತಾ?"

"ಇಲ್ಲ ಮಿಸ್."

"ಮತ್ತೆ ಏಳು. ಹತ್ತು ಗಂಟೆಗೆ ಮನೆಯೋರು ನೋಡೋಕೆ ಬರ್ತಾರೆ. ಅಂಗಳ ಹಂಗೇ ಬಿದ್ದಿದೆ."

"ಇವತ್ತು ನಾನು ಚಿಕಿತ್ಸೆ ತಗೊಳ್ಳಲ್ಲ."

"ಏನಂದೆ?"

"ಇದು ಚಿಕಿತ್ಸೆ ಅಂದ್ರಲ್ಲ. ಇದು ನಂಗೆ ಬೇಡ. ಇಜ್ಲಾಲ್ ಮದಾಮ್‌ಗೆ ಕೊಟ್ಟಿದ್ದು ಕೊಡಿ. ಅದೇ ಖಾಯಿಲೆ ನಂದು."

ಉಮ್ಮ್ ಆಶೂರ್ ನನ್ನನ್ನು ನೋಡಿದಳು, ಬಕೀಟನ್ನು ನೋಡಿದಳು. ಬಕೀಟನ್ನು ಕಾಲಿನಿಂದ ಒದ್ದಳು. ಫಿನಾಯಿಲಿನ ನೀರು ಕಲ್ಲಿನ ಮೇಲೆ ಹರಿಯಿತು.

"ನಂಗೂ ಅದೇ ಕೊಡಿ ಮಿಸ್. ಎರಡು ಗಂಟೆ. ಜೊತೆಗೆ ಒಂದು ಸಿಗರೇಟು" ಎಂದು ಬಂದು ಕುಳಿತಳು.

ಆರು ಜನರೂ ಕುಳಿತೆವು.

ಲಬೀಬ್ ಸಾಹೇಬರೇ ಬಂದರು. ಹಿಂದೆ ನಾಲ್ಕು ಜನ ಗಂಡಸು ಅಟೆಂಡರುಗಳು. ಸಾಹೇಬರು ಕೂಗಾಡುವವರಲ್ಲ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಪ್ಯಾಂಟಿಗೆ ಹಣ್ಣಿನ ಕಲೆ ಆಗದಂತೆ ಮೇಲೆತ್ತಿಕೊಂಡರು.

"ಬಸೀಮಾ, ನೀನು ಬುದ್ಧಿವಂತೆ. ಈ ವಿಭಾಗದ ದುಡ್ಡಿಂದ್ಲೇ ನಿಮ್ ಊಟ ನಡೀತಿರೋದು. ಸರ್ಕಾರ ಕೊಡೋದು ಎಲ್ಲಿಗೂ ಸಾಲಲ್ಲ. ಅರ್ಥ ಆಗುತ್ತಾ?"

"ಆಗುತ್ತೆ ಡಾಕ್ಟ್ರೇ."

"ಮತ್ತೆ ಇದೇನು?"

"ಅತಿಯ್ಯಾತಳನ್ನ ಇಲ್ಲಿಗೆ ಕರ್ಕೊಂಡ್ ಬನ್ನಿ. ಒಂದು ವಾರ ಇಲ್ಲಿ ಕೂರ್ಸಿ. ಆಮೇಲೆ ಯಾವ ತಿಂಗಳು ಅಂತ ಕೇಳಿ."

"ಅವಳ ಖಾಯಿಲೆ ನಿಂಗೊತ್ತಾ, ನಂಗೊತ್ತಾ?"

"ನೀವು ಆ ಉಗ್ರಾಣದಲ್ಲಿ ನಾಲ್ಕು ತಿಂಗಳು ಇದ್ದು ಬನ್ನಿ ಡಾಕ್ಟ್ರೇ. ನಾನು ನಿಮ್ಗೆ ಕೇಳ್ತೀನಿ ಯಾವ ತಿಂಗಳು ಅಂತ."

ಅಟೆಂಡರನೊಬ್ಬ ನಕ್ಕುಬಿಟ್ಟ. ಸಾಹೇಬರ ಮುಖ ಬಿಗಿಯಿತು. ತಗ್ಗಿದ ದನಿಯಲ್ಲಿ ಹೇಳಿದರು.

"ಮುಂದಿನ ವಾರ ನಿನ್ ಅಣ್ಣ ಬರ್ತಾನೆ. ಮನೆಗೆ ಹೋಗೋಳು ನೀನು. ಈಗ ಎದ್ದು ಬಕೀಟು ತಗೊಂಡ್ರೆ ನಾನು ಏನೂ ನೋಡಿಲ್ಲ. ಏಳ್ಲಿಲ್ಲ ಅಂದ್ರೆ ಇದು ಖಾಯಿಲೆ. ಖಾಯಿಲೆ ಅಂತ ಬರೀಬೇಕಾಗುತ್ತೆ."

ಅಣ್ಣನ ಮನೆ ನೆನಪಾಯಿತು. ಮಹಡಿಯ ಮೇಲೆ ಪಾರಿವಾಳದ ಗೂಡು. ಅತ್ತಿಗೆ ಮಾಡುವ ಮೊಲೊಖಿಯ್ಯ ಸೊಪ್ಪಿನ ಸಾರು, ಬೆಳ್ಳುಳ್ಳಿ ಹುರಿದ ವಾಸನೆ. ಆರು ವರ್ಷ. ನಾಲಿಗೆಯ ಮೇಲೆ ನೀರು ಬಂತು. ಬೆನ್ನ ಹಿಂದೆ ಮರದ ತೊಗಟೆ ಇತ್ತು. ಗಟ್ಟಿ, ಒರಟು. ಅದು ನಡುಗುತ್ತಿರಲಿಲ್ಲ.

"ಬರ್ಕೊಳ್ಳಿ" ಎಂದೆ.

ಅಟೆಂಡರುಗಳು ಬಂದರು. ನಾನು ಹೊಡೆಯಲಿಲ್ಲ, ಕಚ್ಚಲಿಲ್ಲ, ಕೂಗಲಿಲ್ಲ. ಮೈಯನ್ನು ಭಾರ ಬಿಟ್ಟೆ. ಎತ್ತಲಾಗಲಿಲ್ಲ. ಎರಡು ಕೈ ಹಿಡಿದು ಎಳೆದರು. ಕಲ್ಲಿನ ಮೇಲೆ ಬೆನ್ನು ಉಜ್ಜಿತು. ಗೌನು ಮೇಲೆ ಸರಿಯಿತು, ತೊಡೆಯವರೆಗೆ, ಇನ್ನೂ ಮೇಲೆ. ಆ ಹೊತ್ತಿಗೆ ನೋಡಲು ಬಂದವರು ಗೇಟಿನಲ್ಲಿ ಹೂ ಹಿಡಿದು ನಿಂತಿದ್ದರು. ಒಬ್ಬ ಹೆಂಗಸು ತನ್ನ ಗಂಡನ ಕಣ್ಣಿಗೆ ಕೈ ಅಡ್ಡ ಇಟ್ಟಳು. ನನ್ನ ಗೌನು ಎಳೆದು ಮುಚ್ಚಲು ಯಾರೂ ಬರಲಿಲ್ಲ. ತಲೆಯ ಮೇಲೆ ಎಲೆಗಳು ಹಿಂದಕ್ಕೆ ಹೋದವು. ಆಮೇಲೆ ಅಡುಗೆಮನೆಯ ಸೂರು. ಆಮೇಲೆ ಟ್ಯೂಬ್‌ಲೈಟು.

ಎರಡು ಸೂಜಿ ಒಟ್ಟಿಗೆ ಹಾಕಿದರು. ಮಂಚಕ್ಕೆ ಕಟ್ಟಿದರು.

ಎಷ್ಟು ದಿನ ಎಂದು ನನಗೆ ಗೊತ್ತಿಲ್ಲ. ಉಮ್ಮ್ ಆಶೂರ್ ಆಮೇಲೆ ಹೇಳಿದ್ದರಿಂದ ಗೊತ್ತಾದದ್ದು ಇಷ್ಟು. ಮರುದಿನ ಬೆಳಿಗ್ಗೆ ಕರೀಮಾನ್ ಪಟ್ಟಿ ಓದಿದಳು. ಯಾರೂ ಏಳಲಿಲ್ಲ. ಬೇರೆ ಹೆಸರು ಓದಿದಳು. ಅವರೂ ಏಳಲಿಲ್ಲ. ಹೊದಿಕೆಯೊಳಗೆ ಇರುತ್ತಿದ್ದವಳು ಹೊದಿಕೆಯೊಳಗಿಂದಲೇ "ಚಿಕಿತ್ಸೆ ಬೇಡ" ಎಂದಳಂತೆ. ಚಹಾ ನಿಲ್ಲಿಸಿದರು. ಸಕ್ಕರೆ ನಿಲ್ಲಿಸಿದರು. ಸಿಗರೇಟು ನಿಲ್ಲಿಸಿದರು. ಉಮ್ಮ್ ಆಶೂರ್‌ಗೆ ಕೊನೆಯದೇ ಕಷ್ಟವಾಯಿತು, ಆದರೂ ಏಳಲಿಲ್ಲ. ವಿಶೇಷ ವಿಭಾಗದ ಕಕ್ಕಸು ನಾರಿತು. ಅಲ್ಲಿನವರ ಮನೆಯವರು ಗಲಾಟೆ ಮಾಡಿದರು. ಹದಿನೇಳನೇ ದಿನ ಹೊರಗಿನಿಂದ ಸಂಬಳದ ಹೆಂಗಸರು ಗುಡಿಸಲು ಬಂದರು.

ಗೆದ್ದೆವು ಎಂದು ಕೆಲವರು ಅಂದರು. ನನಗೆ ಹಾಗನಿಸಲಿಲ್ಲ. ಉಜ್ಜುವ ಕೆಲಸ ಹೋಯಿತು, ಅದರ ಜೊತೆ ಹೊರಗಿನ ದಾರಿಯೂ ಹೋಯಿತು. ಈಗ ಇಪ್ಪತ್ತೆರಡು ಜನರೂ ಒಳಗೆ.

ಆ ಗಲಾಟೆಯಲ್ಲಿ ಯಾರೋ ಮೇಲಿನವರಿಗೆ ಅರ್ಜಿ ಬರೆದರಂತೆ. ಗೇಟಿನಲ್ಲಿ ನಿಂತಿದ್ದ ಹೆಂಗಸೋ, ಇಜ್ಲಾಲ್ ಮದಾಮಳೋ, ನಮಗೆ ಯಾರೂ ಹೇಳಲಿಲ್ಲ. ಜುಲೈಯಲ್ಲಿ ಇಬ್ಬರು ಗಾರೆಯವರು ಸುತ್ತಿಗೆ ತಂದು ಒಂದು ಕಿಟಕಿಯ ಇಟ್ಟಿಗೆ ಒಡೆದರು. ಆರರಲ್ಲಿ ಒಂದು. ಧೂಳಿನ ಜೊತೆ ಬಿಸಿಲು ಬಂತು. ಹೆಂಗಸರು ಕಣ್ಣು ಮುಚ್ಚಿಕೊಂಡರು. ಕಿಟಕಿಯ ಆಚೆ ಮರ ಇಲ್ಲ. ಬಟ್ಟೆ ಒಣಗಿಸುವ ಹಗ್ಗ, ಕಾಂಪೌಂಡು ಗೋಡೆ, ಅದರ ಮೇಲೆ ಒಂದು ತುಂಡು ಆಕಾಶ. ಅದಕ್ಕೇ ಸರದಿ ಮಾಡಿಕೊಂಡೆವು. ಅತಿಯ್ಯಾತಳ ಮಂಚವನ್ನು ಕಿಟಕಿಯ ಕೆಳಗೆ ತಳ್ಳಿದೆವು, ಅವಳಿಗೆ ಸರದಿ ಇಲ್ಲ. ಅವಳು ಆಕಾಶ ನೋಡುತ್ತಾಳೆ. ಮಾತಾಡುವುದಿಲ್ಲ. ಹಣೆ ಬಡಿಯುವುದನ್ನು ಬಿಟ್ಟಿದ್ದಾಳೆ. ಅಷ್ಟು ಮಾತ್ರ.

ಅಣ್ಣ ಶಾಬಾನ್ ಜೂನಿನಲ್ಲಿ ಒಮ್ಮೆ ಬಂದಿದ್ದನಂತೆ. ನಾನು ಕಟ್ಟಿನಲ್ಲಿದ್ದೆ, ಭೇಟಿ ಆಗಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಬಂದ. ಡೈರೆಕ್ಟರರ ಕೋಣೆಗೆ ನನ್ನನ್ನು ಕರೆಸಿದರು. ಅಣ್ಣ ಮುದುಕನಾಗಿದ್ದ. ಮೊಣಕಾಲ ಮೇಲೆ ಪ್ಲಾಸ್ಟಿಕ್ ಚೀಲ. ಅದರಲ್ಲಿ ನನ್ನ ಹಳೆಯ ನೀಲಿ ಉಡುಪು, ತಲೆಗೆ ಕಟ್ಟುವ ಬಟ್ಟೆ, ಹೊಸ ಚಪ್ಪಲಿ. ಮನೆಗೆ ಹಾಕಿಕೊಂಡು ಹೋಗಲು.

"ಸಾಹೇಬ್ರು ದೊಡ್ಡ ಮನಸ್ಸು ಮಾಡಿದಾರೆ ಬಸೀಮಾ" ಎಂದ. "ಒಂದು ಕಾಗದಕ್ಕೆ ಸಹಿ ಹಾಕ್ಬೇಕಂತೆ. ಅಷ್ಟೇ. ಸಂಜೆ ಬಸ್ಸಿಗೇ ಹೋಗೋಣ."

ಲಬೀಬ್ ಸಾಹೇಬರು ಕಾಗದ ಮುಂದೆ ತಳ್ಳಿದರು. ಗಿರಣಿಯ ಸಂಜೆ ಶಾಲೆಯಲ್ಲಿ ನಾನು ಓದು ಕಲಿತಿದ್ದೆ. ನಿಧಾನವಾಗಿ ಓದಿದೆ. ಅದರಲ್ಲಿ ಹೀಗಿತ್ತು: ಮೇ ತಿಂಗಳ ಆ ದಿನ ನಾನು ಖಾಯಿಲೆಯ ಜೋರಿನಲ್ಲಿದ್ದೆ. ಕೆಲಸ ಮಾಡುವುದಿಲ್ಲ ಎಂದು ಕುಳಿತದ್ದು, ಡಾಕ್ಟರರಿಗೆ ಎದುರು ಮಾತಾಡಿದ್ದು ಆ ಖಾಯಿಲೆಯಿಂದಲೇ. ಸಿಬ್ಬಂದಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಈಗ ಗುಣವಾಗಿದ್ದೇನೆ.

"ಮೇಲಿನೋರು ಕೇಳ್ತಿದಾರೆ" ಎಂದರು ಸಾಹೇಬರು. ಅವರೂ ಸುಸ್ತಾಗಿದ್ದರು. "ನಿಂಗೂ ಒಳ್ಳೇದು, ನಂಗೂ ಒಳ್ಳೇದು. ಸಹಿ ಹಾಕು, ಮನೆಗೆ ಹೋಗು."

"ಹಾಕಮ್ಮ" ಎಂದ ಅಣ್ಣ. "ಕಾಗದ ತಾನೆ? ಯಾರ್ ಓದ್ತಾರೆ ಇದನ್ನ? ಅತ್ತಿಗೆ ಕಾಯ್ತಿದಾಳೆ."

ನಾನು ಪೆನ್ನು ತೆಗೆದುಕೊಂಡೆ. ಸೂಜಿ ಹಾಕಿ ಎರಡನೇ ದಿನ ಅದು. ಮೇಲೆ ಅಚ್ಚಾಗಿದ್ದುದನ್ನು ಒಂದೊಂದು ಸಾಲಾಗಿ ಹೊಡೆದುಹಾಕಿದೆ. ಸಾಹೇಬರು ಕೈ ಚಾಚಿದರು, ಆಮೇಲೆ ಯಾಕೋ ಹಿಂದೆಗೆದುಕೊಂಡರು. ಕೆಳಗೆ ಜಾಗ ಇತ್ತು. ಅಲ್ಲಿ ಬರೆದೆ. ನನ್ನ ಅಕ್ಷರ ದೊಡ್ಡದು, ವಕ್ರ. ಮುಗಿಸಲು ಬಹಳ ಹೊತ್ತು ಹಿಡಿಯಿತು. ಬರೆದು ಹೆಸರು ಹಾಕಿದೆ.

ಶಾಬಾನ್ ಕಾಗದ ಎಳೆದುಕೊಂಡ. ಅವನೂ ನನ್ನ ಹಾಗೆಯೇ ಅಕ್ಷರ ಕೂಡಿಸಿ ಕೂಡಿಸಿ ಓದುವವನು. ಗಟ್ಟಿಯಾಗಿ ಓದಿದ.

"ಆ ದಿನ ನಾನು ಹುಷಾರಾಗಿದ್ದೆ."

ಮತ್ತೊಮ್ಮೆ ಓದಿದ, ಈ ಸಲ ದನಿ ಇಲ್ಲದೆ. ನನ್ನ ಮುಖ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಎದ್ದ. ಬಾಗಿಲವರೆಗೆ ಹೋಗಿ ವಾಪಸ್ಸು ಬಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮಡಿಲಲ್ಲಿಟ್ಟ.

"ಇದು ಇಲ್ಲೇ ಇರ್ಲಿ" ಎಂದ. "ಚಪ್ಪಲಿ ಬಿಗಿ ಆದ್ರೆ ಹೇಳು, ಬದಲಾಯಿಸ್ಕೊಂಡು ಬರ್ತೀನಿ."

ಅವನು ಹೋದ. ನಾನು ಎದ್ದು ನಿಂತೆ.

"ಅದನ್ನ ನನ್ ಫೈಲಿಗೆ ಹಾಕಿ ಡಾಕ್ಟ್ರೇ" ಎಂದೆ.

ಹಾಕಿದರೋ ಹರಿದರೋ ನನಗೆ ಗೊತ್ತಿಲ್ಲ. ಕರೀಮಾನ್ ನನ್ನನ್ನು ಉಗ್ರಾಣಕ್ಕೆ ಕರೆದುಕೊಂಡು ಬಂದಳು. ಬಾಗಿಲು ತೆಗೆದು, ನಾನು ಒಳಗೆ ಹೋದ ಮೇಲೆ ಎಂದಿನಂತೆ ಬೀಗ ಹಾಕಿದಳು. ಉಮ್ಮ್ ಆಶೂರ್ ಚೀಲ ಕಸಿದುಕೊಂಡು ಚಪ್ಪಲಿ ತೆಗೆದು ತನ್ನ ಕಾಲಿಗೆ ಹಾಕಿ ನೋಡಿದಳು.